22 ಅಡಿಯೋ 28 ಅಡಿಯೋ? ಮಳೆಗಾಲಕ್ಕೂ ಆಗುವ ಸಣ್ಣ ನಾಡದೋಣಿ ಬಗ್ಗೆ ಸಲಹೆ ಬೇಕು

ತ್ರಾಸಿ_ಕಡಲತಡಿ

ಎಲ್ಲರಿಗೂ ನಮಸ್ಕಾರ. ನಾನು, ನನ್ನ ತಮ್ಮ, ನಮ್ಮ ಭಾವ, ಮೂವರು ಸೇರಿ ಸ್ವಂತ ನಾಡದೋಣಿ ಮಾಡುವ ಅಂತ ಇದ್ದೇವೆ. ಇಷ್ಟು ವರ್ಷ ಬೇರೆಯವರ ದೋಣಿಯಲ್ಲಿ ಪಾಲಿಗೆ ಹೋಗುತ್ತಿದ್ದೆವು. ಕೆಲಸ ಹೆಚ್ಚಾಗಿ ಬಿಡುಬಲೆಯದ್ದು (ನೀರಿನಲ್ಲಿ ಬಿಟ್ಟು ಮೀನು ಸಿಕ್ಕಿಕೊಳ್ಳುವ ಬಲೆ), ಬಂಗುಡೆ ಸಿಕ್ಕರೆ ಬಂಗುಡೆ, ಸೀಗಡಿ ಬಂದರೆ ಸೀಗಡಿ. ದೂರ ಹೋಗುವ ಆಸೆ ಇಲ್ಲ. ಆದರೆ ಜೂನ್, ಜುಲೈಯಲ್ಲಿ ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ನಿಂತಿರುವಾಗ ನಮಗೆ ಹೋಗಲಿಕ್ಕೆ ಆಗಬೇಕು, ಅದಕ್ಕಾಗಿಯೇ ದೋಣಿ ತೆಗೆದುಕೊಳ್ಳುವುದು. 10 ಎಚ್‌ಪಿ ಒಳಗಿನ ಎಂಜಿನ್ ಇದ್ದರೆ ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧ ನಮಗೆ ಬರುವುದಿಲ್ಲ, ಹಾಗಾಗಿ ಎಂಜಿನ್ 9.9 ಅಂತ ತೀರ್ಮಾನ ಆಗಿದೆ.

ಈಗ ಕಣ್ಣ ಮುಂದೆ ಇರುವುದು ಮೂರು. ಒಂದು, ಹಳೆಯ 28 ಅಡಿ ಫೈಬರ್ ದೋಣಿ. ಅಗಲ ಚೆನ್ನಾಗಿದೆ, ಅಡಿ ಬಹುತೇಕ ಚಪ್ಪಟೆ, ರೇಟು ನಮ್ಮ ಕೈಗೆ ಸಿಗುವಂಥದ್ದು. ಎರಡು, ಹೊಸದಾಗಿ ಹೇಳಿ ಮಾಡಿಸುವ 22 ಅಡಿ ಫೈಬರ್, ಅಡಿಯಲ್ಲಿ ಸ್ವಲ್ಪ ವಿ ಆಕಾರ ಇರುತ್ತದೆ. ಮೂರು, ಕೇರಳದ ಕಡೆ ಮಾಡುವ ಪ್ಲೈವುಡ್ ದೋಣಿ, ಇದು ಗೆಳೆಯನೊಬ್ಬ ಹೇಳಿದ್ದು. ಭಾವನಿಗೆ ದೊಡ್ಡದೇ ಬೇಕು, "ಕಡಲು ಎದ್ದಾಗ ದೊಡ್ಡ ದೋಣಿಯೇ ಕಾಯುವುದು" ಅಂತ ಒಂದೇ ಹಠ. ತಮ್ಮನಿಗೆ ಚಿಕ್ಕದು ಸಾಕು. ನನಗೆ ತಲೆ ಕೆಟ್ಟಿದೆ. ಎದ್ದ ಕಡಲಿಗೆ ನಿಜವಾಗಿ ಯಾವುದು ಒಳ್ಳೆಯದು?

ಹಳೆದೋಣಿ

ತಮ್ಮಾ, ಒಂದು ವಿಷಯ ನೀನು ಬರೆಯಲೇ ಇಲ್ಲ. ದೋಣಿ ಇಳಿಸುವುದು ಎಲ್ಲಿಂದ? ದಡದಿಂದ ನೂಕಿ ಇಳಿಸುತ್ತೀರೋ, ಗಂಗೊಳ್ಳಿ ಅಳಿವೆ, ಅಂದರೆ ನದಿ ಕಡಲು ಸೇರುವ ಬಾಯಿ, ದಾಟಿ ಹೋಗುತ್ತೀರೋ? ಅದು ಗೊತ್ತಾಗದೆ ದೋಣಿ ಹೇಳಿದರೆ ಸುಮ್ನೆ ಬಾಯಿಗೆ ಬಂದದ್ದು ಹೇಳಿದ ಹಾಗೆ.

ಹೊರಗಿನ ಕಡಲಲ್ಲಿ ಎದ್ದ ಅಲೆ ನಮ್ಮಂಥವರನ್ನು ಮುಳುಗಿಸುವುದು ಕಡಿಮೆ. ಅಲ್ಲಿ ಅಲೆ ಉದ್ದ ಇರುತ್ತದೆ, ದೋಣಿ ಏರುತ್ತದೆ, ಇಳಿಯುತ್ತದೆ, ಹೊಟ್ಟೆ ತೊಳಸಬಹುದು ಅಷ್ಟೇ. ದೋಣಿ ಮಗುಚುವ ಸುದ್ದಿ ಪೇಪರಿನಲ್ಲಿ ಬಂದಾಗಲೆಲ್ಲ ನೋಡಿ, ಹೆಚ್ಚಿನವು ಅಳಿವೆ ಬಾಯಿಯಲ್ಲಿ, ಇಲ್ಲವಾದರೆ ದಡದ ಹತ್ತಿರ ಅಲೆ ಒಡೆಯುವ ಜಾಗದಲ್ಲಿ. ನೀರಿನ ಆಳ ಅಲೆಯ ಎತ್ತರದ ಒಂದೂಕಾಲು ಪಟ್ಟಿನ ಆಸುಪಾಸಿಗೆ ಬಂತು ಅಂದರೆ ಅಲೆ ಒಡೆಯುತ್ತದೆ. ಒಂದೂವರೆ ಮೀಟರ್ ಅಲೆ ಎರಡು ಮೀಟರ್ ನೀರಿನಲ್ಲಿ ಒಡೆಯುತ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಅಳಿವೆಯ ಮರಳು ದಿಬ್ಬದ ಮೇಲೆ ಅಷ್ಟೇ ನೀರು ಇರುವುದು. ಹಾಗಾಗಿ ಹೊರಗೆ ಶಾಂತವಾಗಿ ಕಂಡ ಕಡಲು ಬಾಯಿಯಲ್ಲಿ ಗೋಡೆ ಹಾಗೆ ಎದ್ದು ನಿಲ್ಲುತ್ತದೆ.

ದಡದಿಂದ ಇಳಿಸುವುದಾದರೆ ದೋಣಿ ಹಗುರ ಇರಬೇಕು. ಇದರಲ್ಲಿ ಬೇರೆ ಮಾತೇ ಇಲ್ಲ. ಕಡಲು ಕೆಟ್ಟಿತು ಅಂತ ಅರ್ಧದಲ್ಲಿ ವಾಪಸು ಬಂದಾಗ ಮೂರೇ ಜನ 28 ಅಡಿ ಫೈಬರನ್ನು ಅಲೆಯ ಬಾಯಿಂದ ಮೇಲೆ ಎಳೆಯಲಿಕ್ಕೆ ಆಗುತ್ತದಾ? ಆಗುವುದಿಲ್ಲ. ಇನ್ನೊಂದು ದೋಣಿಯವರು ಬರುವವರೆಗೆ ಅದು ಅಡ್ಡ ತಿರುಗಿ ಅಲ್ಲೇ ನೀರು ತುಂಬಿಕೊಳ್ಳುತ್ತದೆ. ಅಳಿವೆಯಿಂದಾದರೆ ಸ್ವಲ್ಪ ಉದ್ದ, ಸ್ವಲ್ಪ ತೂಕ ಒಳ್ಳೆಯದೇ.

ಫೈಬರ್_ಕೆಲಸ

ಹಳೆದೋಣಿ ಅಣ್ಣ ಹೇಳಿದ್ದು ಸರಿ, ಆದರೆ ಅಡಿಯ ಆಕಾರದ ಬಗ್ಗೆ ಯಾರೂ ಹೇಳಲಿಲ್ಲ. ನಾನು ಮಂಗಳೂರು ಕಡೆ ಯಾರ್ಡಿನಲ್ಲಿ ಕೆಲಸ ಮಾಡುವವನು, ನಮಗೆ ದಿನಾ ಇದೇ ಪ್ರಶ್ನೆ.

ಚಪ್ಪಟೆ ಅಡಿ ನಿಂತಾಗ ಗಟ್ಟಿ. ಬಲೆ ಎಳೆಯಲಿಕ್ಕೆ ಇಬ್ಬರು ಒಂದೇ ಬದಿಗೆ ನಿಂತರೂ ಅಷ್ಟು ವಾಲುವುದಿಲ್ಲ. ಕಡಿಮೆ ನೀರಿನಲ್ಲಿ ಹೋಗುತ್ತದೆ, ದಡದಲ್ಲಿ ನೆಟ್ಟಗೆ ಕೂರುತ್ತದೆ. ಆದರೆ ಎದುರಿನಿಂದ ಅಲೆ ಬಂದಾಗ ಅದು ಹೊಡೆಯುತ್ತದೆ. ಒಂದೊಂದು ಅಲೆಗೂ ಮುಂದಿನ ಭಾಗ ಎದ್ದು ಧಡ್ ಅಂತ ಬೀಳುತ್ತದೆ. ನಿಮ್ಮ ಸೊಂಟ ಹೋಗುತ್ತದೆ, ಅದಕ್ಕಿಂತ ಮೊದಲು ದೋಣಿಯ ಒಳಗಿನ ಅಡ್ಡಪಟ್ಟಿಗಳು ಅಡಿಯಿಂದ ಬಿಡಲಿಕ್ಕೆ ಶುರುವಾಗುತ್ತವೆ. ವಿ ಆಕಾರ ನೀರನ್ನು ಸೀಳಿಕೊಂಡು ಹೋಗುತ್ತದೆ, ಮೆತ್ತಗೆ ಇಳಿಯುತ್ತದೆ. ಆದರೆ ನಿಂತಲ್ಲಿ ಜಾಸ್ತಿ ಅಲ್ಲಾಡುತ್ತದೆ. ಬಲೆ ಎಳೆಯುವವನಿಗೆ ಇದು ಕಿರಿಕಿರಿ. ಹಾಗಾಗಿ ಮುಂಭಾಗ ಚೂಪಾಗಿ, ನಡುವಿನಿಂದ ಹಿಂದಕ್ಕೆ ನಿಧಾನಕ್ಕೆ ಚಪ್ಪಟೆಯಾಗುವ ಅಡಿ ಮಾಡಿಸಿಕೊಳ್ಳಿ. ಎರಡರ ಗುಣವೂ ಸ್ವಲ್ಪ ಸ್ವಲ್ಪ ಸಿಗುತ್ತದೆ, ಎರಡರ ದೋಷವೂ ಸ್ವಲ್ಪ ಇರುತ್ತದೆ, ಇದ್ದೇ ಇರುತ್ತದೆ.

ಅಗಲದ ಬಗ್ಗೆಯೂ ಒಂದು ಮಾತು. ಅಗಲ ಜಾಸ್ತಿ ಇದ್ದರೆ ಗಟ್ಟಿ ಅಂತ ಎಲ್ಲರೂ ನಂಬಿದ್ದಾರೆ. ನಿಂತ ನೀರಿನಲ್ಲಿ ನಿಜ. ಆದರೆ ಅಗಲದ ದೋಣಿ ಅಲೆಯ ಇಳಿಜಾರು ಹೇಗಿದೆಯೋ ಹಾಗೇ ವಾಲುತ್ತದೆ. ಪಕ್ಕದಿಂದ ಕಡಿದಾದ ಅಲೆ ಬಂದರೆ ಒಂದು ಅಂಚು ಮೇಲೆ, ಇನ್ನೊಂದು ನೀರಿನ ಹತ್ತಿರ. ಅಂಚಿನ ಎತ್ತರ ಕಡಿಮೆ ಇದ್ದು ಅಗಲ ಮಾತ್ರ ಜಾಸ್ತಿ ಇರುವ ದೋಣಿ ಮಳೆಗಾಲಕ್ಕೆ ನನಗೆ ಇಷ್ಟ ಇಲ್ಲ. ಆ 28 ಅಡಿಯದ್ದು ಅಂಥದ್ದೇ ಅಂತ ನನ್ನ ಊಹೆ. ಮೀನು, ಬಲೆ, ಐಸು ಎಲ್ಲ ಹಾಕಿದ ಮೇಲೆ ನೀರಿನಿಂದ ಅಂಚಿಗೆ ಎಷ್ಟು ಉಳಿಯುತ್ತದೆ ಅಂತ ಅಳತೆ ಮಾಡಿ, ಖಾಲಿ ದೋಣಿ ನೋಡಿ ಖುಷಿ ಪಡಬೇಡಿ.

ತ್ರಾಸಿ_ಕಡಲತಡಿ

ಹಳೆದೋಣಿ ಅಣ್ಣ, ಎರಡೂ. ಬೇಸಿಗೆಯಲ್ಲಿ ದಡದಿಂದಲೇ. ಮಳೆಗಾಲದಲ್ಲಿ ಗಂಗೊಳ್ಳಿಯಲ್ಲಿ ಕಟ್ಟಿ ಅಳಿವೆಯಿಂದ ಹೋಗುವುದು ಅಂತ ಯೋಚನೆ.

ಶರಾವತಿ_ಬಾಯಿ

ನಾನು ಹೊನ್ನಾವರದವನು. ಅಳಿವೆ ಅಂದರೆ ಏನು ಅಂತ ನಮ್ಮನ್ನು ಕೇಳಿ. ಹೂಳು ಎಲ್ಲಿ ಬೀಳುತ್ತದೆ ಅಂತ ವರ್ಷ ವರ್ಷ ಬದಲು. ಹೋದ ವರ್ಷದ ದಾರಿ ಈ ವರ್ಷ ಇಲ್ಲ.

ದೋಣಿ ಯಾವುದೇ ಆಗಲಿ, ಇಳಿತದ ಹೊತ್ತಿಗೆ ಬಾಯಿ ದಾಟಬೇಡಿ. ಹೊರಗೆ ಹೋಗುವ ನೀರು ಒಳಗೆ ಬರುವ ಅಲೆಗೆ ಎದುರಾದಾಗ ಅಲೆಯ ಉದ್ದ ಕಡಿಮೆ ಆಗುತ್ತದೆ, ಅಲೆ ಕಡಿದಾಗುತ್ತದೆ, ಒಂದರ ಬೆನ್ನಿಗೆ ಒಂದು ಬರುತ್ತದೆ. ಘಟ್ಟದಲ್ಲಿ ಜೋರು ಮಳೆ ಬಂದ ದಿನ ಭರತದ ಹೊತ್ತಿನಲ್ಲೂ ನದಿ ಹೊರಗೇ ನೂಕುತ್ತಿರುತ್ತದೆ. ನಮಗೆ ಗೇರುಸೊಪ್ಪೆಯಿಂದ ನೀರು ಬಿಟ್ಟರೆ ಇನ್ನೂ ಕಷ್ಟ. ಗಂಗೊಳ್ಳಿಗೂ ಅಷ್ಟೇ, ಸೌಪರ್ಣಿಕಾ, ವಾರಾಹಿ, ಚಕ್ರಾ ಎಲ್ಲ ನದಿಗಳೂ ಸೇರಿ ಒಂದೇ ಬಾಯಿಯಿಂದ ಹೊರಗೆ ಹೋಗಬೇಕಲ್ವಾ.

ಈಗ ದೋಣಿಗೆ ಬರುತ್ತೇನೆ. ಒಳಗೆ ಬರುವಾಗ ಅಲೆ ಹಿಂದಿನಿಂದ ಬರುತ್ತದೆ. ಅಪಾಯ ಇರುವುದು ಹೋಗುವಾಗಿನದಕ್ಕಿಂತ ಬರುವಾಗ ಜಾಸ್ತಿ. ದೋಣಿ ಅಲೆಯ ಇಳಿಜಾರಿನಲ್ಲಿ ಜಾರಿ ಮೂತಿ ನೀರಿಗೆ ಚುಚ್ಚಿತು ಅಂದರೆ ಹಿಂಭಾಗವನ್ನು ಅಲೆ ಪಕ್ಕಕ್ಕೆ ತಿರುಗಿಸಿಬಿಡುತ್ತದೆ. ಅಡ್ಡ ಬಿದ್ದ ದೋಣಿಯನ್ನು ಮುಂದಿನ ಅಲೆ ಮಗುಚುತ್ತದೆ. ಇದಕ್ಕೆ ಮೂತಿ ತೀರಾ ಚೂಪಾಗಿರಬಾರದು, ಮೇಲಕ್ಕೆ ಹೋದ ಹಾಗೆ ಅಗಲ ಆಗಬೇಕು, ಆಗ ನೀರಿಗೆ ಚುಚ್ಚಿದರೂ ಎದ್ದು ಬರುತ್ತದೆ. ಹಿಂಭಾಗದ ಹಲಗೆ ತೀರಾ ಅಗಲ, ತೀರಾ ತಗ್ಗು ಎರಡೂ ಆಗಬಾರದು. ಎಂಜಿನ್ ಕೂರಿಸಲಿಕ್ಕೆ ಅಂತ ಹಿಂದಿನ ಹಲಗೆಯನ್ನು ಕತ್ತರಿಸಿ ತಗ್ಗು ಮಾಡಿರುತ್ತಾರೆ, ಅಲ್ಲಿಂದಲೇ ಅಲೆ ಒಳಗೆ ನುಗ್ಗುವುದು. ಎಂಜಿನ್ ಮುಂದೆ, ದೋಣಿಯ ಒಳಬದಿಗೆ ಒಂದು ಅಡ್ಡಗೋಡೆ ಹಾಕಿಸಿ, ಅಲ್ಲಿ ನಿಂತ ನೀರು ಹಿಂದಿನ ಹಲಗೆಯಿಂದಲೇ ಹೊರಗೆ ಹೋಗುವ ಹಾಗೆ ತೂತು ಬಿಡಿಸಿ.

ಬರುವಾಗ ಹೊರಗೆ ನಿಂತು ನೋಡಿ. ಅಲೆ ಗುಂಪಾಗಿ ಬರುತ್ತವೆ, ದೊಡ್ಡವು ಕೆಲವು ಬಂದು ಹೋದ ಮೇಲೆ ಸ್ವಲ್ಪ ಹೊತ್ತು ಬಿಡುವು ಇರುತ್ತದೆ. ಆಗ ಒಂದು ಅಲೆಯ ಬೆನ್ನ ಮೇಲೆ ಕೂತು ಅದನ್ನು ದಾಟದೆ ಅದರ ಹಿಂದೆಯೇ ಬನ್ನಿ. ದಪ್ಪ ಹಗ್ಗಕ್ಕೆ ಹಳೆಯ ಟಯರ್ ಕಟ್ಟಿ ಹಿಂದೆ ಬಿಟ್ಟರೆ ದೋಣಿ ಜಾರುವುದು ಕಡಿಮೆ ಆಗುತ್ತದೆ. ಹಗ್ಗ ಪ್ರೊಪೆಲ್ಲರಿಗೆ ಸುತ್ತದ ಹಾಗೆ ನೋಡಿಕೊಳ್ಳಲಿಕ್ಕೆ ಒಬ್ಬ ಬೇಕು.

ಮಸ್ಕತ್_ಮಲ್ಪೆ

ಇಲ್ಲಿ ಒಮಾನಿನಲ್ಲಿ ಸಣ್ಣ ಫೈಬರ್ ದೋಣಿಗೇ ದೊಡ್ಡ ದೊಡ್ಡ ಎಂಜಿನ್ ಹಾಕಿ ನೀರಿನ ಮೇಲೆ ಹಾರಿಸಿಕೊಂಡು ಹೋಗುತ್ತಾರೆ. ಅಲೆಗಿಂತ ಜೋರಾಗಿ ಹೋದರೆ ಅಳಿವೆಯ ತಲೆನೋವೇ ಇಲ್ಲ. ನಮ್ಮ ಊರಿನಲ್ಲಿ 9.9 ಹಾಕಿಕೊಂಡು ಯಾಕೆ ಒದ್ದಾಡುತ್ತಾರೋ. 25 ಹಾಕಿ, ಮಳೆಗಾಲದಲ್ಲಿ ಮನೆಯಲ್ಲಿ ಕೂತು ಬಲೆ ಹೆಣೆಯಿರಿ ಮಾರಾಯ್ರೆ.

ಔಟ್‌ಬೋರ್ಡ್_ಮೆಕ್ಯಾನಿಕ್

ಮಸ್ಕತ್ ಅಣ್ಣನಿಗೆ ಪೆಟ್ರೋಲ್ ರೇಟು ಮರೆತು ಹೋಗಿದೆ ಅಂತ ಕಾಣುತ್ತದೆ. ಮೀನು ಜಾಸ್ತಿ ಸಿಗುವ ಕಾಲದಲ್ಲೇ ಮನೆಯಲ್ಲಿ ಕೂರಲಿಕ್ಕೆ ಇವರು ದೋಣಿ ಯಾಕೆ ತೆಗೆದುಕೊಳ್ಳುವುದು?

ನೀರನ್ನು ಸರಿಸಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ವೇಗದ ಮಿತಿ. ನೀರಿನಲ್ಲಿ 22 ಅಡಿ ಉದ್ದ ಇದ್ದರೆ ಗಂಟೆಗೆ ಆರು ಚಿಲ್ಲರೆ ನಾಟಿಕಲ್ ಮೈಲು, 28 ಅಡಿ ಇದ್ದರೆ ಏಳರ ಆಸುಪಾಸು. ಅದಕ್ಕಿಂತ ಜೋರು ಬೇಕಾದರೆ ದೋಣಿ ನೀರಿನ ಮೇಲೆ ಏರಬೇಕು. ಬಲೆ, ಮೀನು, ಜನ ತುಂಬಿದ ದೋಣಿಯನ್ನು 9.9 ಏರಿಸುವುದಿಲ್ಲ. ಹಾಗಾಗಿ ವೇಗದ ಆಸೆ ಬಿಡಿ, ನೂಕುವ ಬಲ ನೋಡಿ. ಪಿಚ್ (ಒಂದು ಸುತ್ತಿಗೆ ಮುಂದೆ ಹೋಗುವ ದೂರ) ಕಡಿಮೆ ಇರುವ ಪ್ರೊಪೆಲ್ಲರ್ ಹಾಕಿಸಿ. 28 ಅಡಿ ಭಾರದ ದೋಣಿಗೆ, ಎದುರು ಗಾಳಿ ಎದುರು ಅಲೆ ಇರುವಾಗ, 9.9 ಉಸಿರು ಕಟ್ಟುತ್ತದೆ. ಭಾವನವರಿಗೆ ಇದನ್ನು ಹೇಳಿ. ದೋಣಿ ದೊಡ್ಡದಾಗಿ ಎಂಜಿನ್ 10ರಲ್ಲೇ ನಿಂತರೆ ಅಳಿವೆಯಲ್ಲಿ ಬೇಕಾದಾಗ ನೂಕು ಸಿಗುವುದಿಲ್ಲ. ನಿಮ್ಮ ಮಟ್ಟಿಗೆ ದೊಡ್ಡ ದೋಣಿ ಬೇಡ ಅಂತ ನಾನು ಹೇಳುವುದು ಈ ಕಾರಣಕ್ಕೇ. 20 ಎಚ್‌ಪಿ ಹಾಕುವುದಾಗಿದ್ದರೆ ನಾನೇ 28 ಅನ್ನುತ್ತಿದ್ದೆ.

ಶಾಫ್ಟ್, ಅಂದರೆ ಎಂಜಿನ್ನಿನಿಂದ ಪ್ರೊಪೆಲ್ಲರಿಗೆ ಇಳಿಯುವ ಕಾಲು, ಅದರ ಉದ್ದ ಮರೆಯಬೇಡಿ. 15 ಇಂಚಿನದ್ದು ಮತ್ತು 20 ಇಂಚಿನದ್ದು ಬರುತ್ತದೆ. ಎದ್ದ ಕಡಲಿಗೆ 20 ಇಂಚು, ಹಿಂದಿನ ಹಲಗೆಯೂ ಅದಕ್ಕೆ ಸರಿಯಾದ ಎತ್ತರ. ಗಿಡ್ಡ ಶಾಫ್ಟ್ ಆದರೆ ಅಲೆಯಲ್ಲಿ ಹಿಂಭಾಗ ಎದ್ದಾಗಲೆಲ್ಲ ಪ್ರೊಪೆಲ್ಲರ್ ಗಾಳಿಗೆ ಬರುತ್ತದೆ, ಎಂಜಿನ್ ಕಿರುಚುತ್ತದೆ, ದೋಣಿ ಮಾತ್ರ ನಿಂತಲ್ಲೇ ಇರುತ್ತದೆ. ಉದ್ದ ಶಾಫ್ಟ್ ಹಾಕಿದರೆ ಹಿಂದಿನ ಹಲಗೆಯನ್ನು ತಗ್ಗು ಮಾಡುವ ಪ್ರಮೇಯವೇ ಬರುವುದಿಲ್ಲ, ಶರಾವತಿ ಅಣ್ಣ ಹೇಳಿದ ಸಮಸ್ಯೆಯೂ ಅರ್ಧ ಪರಿಹಾರ.

ಸೀಮೆಎಣ್ಣೆ ಎಂಜಿನ್ ಆದರೆ ಅಳಿವೆಗೆ ಬರುವ ಸ್ವಲ್ಪ ಮೊದಲೇ ಪೆಟ್ರೋಲಿಗೆ ತಿರುಗಿಸಿ. ಸೀಮೆಎಣ್ಣೆಯಲ್ಲಿ ಓಡುವಾಗ ಬಂದ್ ಬಿದ್ದರೆ ತಿರುಗಿ ಹಿಡಿಯುವುದು ನಿಧಾನ, ಅಲೆ ಒಡೆಯುವ ಜಾಗದಲ್ಲಿ ಹಗ್ಗ ಎಳೆಯುತ್ತಾ ಕೂರಲಿಕ್ಕೆ ಯಾರಿಗೂ ಸಮಯ ಇರುವುದಿಲ್ಲ. ಟು ಸ್ಟ್ರೋಕ್ ಹಗುರ, ನೀರಿಗೆ ಬಿದ್ದರೂ ಬೇಗ ಬಿಚ್ಚಿ ತೊಳೆದು ಓಡಿಸಬಹುದು. ಫೋರ್ ಸ್ಟ್ರೋಕ್ ಎಣ್ಣೆ ಕಡಿಮೆ ಕುಡಿಯುತ್ತದೆ, ಸದ್ದು ಕಡಿಮೆ, ತೂಕ ಜಾಸ್ತಿ, ರಿಪೇರಿ ದುಬಾರಿ. ರಿಯಾಯಿತಿ ಸೀಮೆಎಣ್ಣೆಯನ್ನೇ ನಂಬಿ ಲೆಕ್ಕ ಹಾಕಬೇಡಿ, ಬೇಕಾದ ತಿಂಗಳಲ್ಲೇ ಅದು ಬರುವುದಿಲ್ಲ.

ಫೈಬರ್_ಕೆಲಸ

ಎಲ್ಲರೂ ಮಗುಚುವುದರ ಬಗ್ಗೆ ಹೇಳಿದ್ದೀರಿ, ನೀರು ತುಂಬುವುದರ ಬಗ್ಗೆ ಯಾರೂ ಹೇಳಿಲ್ಲ. ನನಗೆ ಮುಖ್ಯ ಅಂತ ಕಾಣುವುದು ಅದೇ.

ಒಂದು ಘನ ಮೀಟರ್ ಕಡಲ ನೀರು ಸುಮಾರು 1025 ಕೆಜಿ. ದೋಣಿಯೊಳಗೆ 16 ಅಡಿ ಉದ್ದ, 4 ಅಡಿ ಅಗಲದ ಜಾಗದಲ್ಲಿ ನಾಲ್ಕೇ ನಾಲ್ಕು ಇಂಚು ನೀರು ನಿಂತರೆ ಅದು 600 ಕೆಜಿ ದಾಟುತ್ತದೆ. ಅದು ಮೂಟೆ ಹಾಗೆ ಒಂದೇ ಕಡೆ ಕೂರುವುದಿಲ್ಲ. ದೋಣಿ ಯಾವ ಕಡೆ ವಾಲಿತೋ ಆ ಕಡೆಗೇ ಓಡುತ್ತದೆ, ಇನ್ನೂ ವಾಲಿಸುತ್ತದೆ. ಆ ಹೊತ್ತಿಗೆ ದೋಣಿ 22 ಅಡಿಯೋ 28 ಅಡಿಯೋ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ಅಗಲದ ದೋಣಿಯಲ್ಲಿ ಈ ಓಡಾಟ ಇನ್ನೂ ಜಾಸ್ತಿ. ಅದಕ್ಕೇ ಒಳಗೆ ಅಡ್ಡಪಟ್ಟಿ, ಅಡ್ಡಗೋಡೆ ಇರಬೇಕು ಅನ್ನುವುದು.

ಮರದ ದೋಣಿ ಮಗುಚಿದರೂ ತೇಲುತ್ತಿತ್ತು, ಹಿಡಿದುಕೊಂಡು ಕೂರಬಹುದಿತ್ತು. ಬರೀ ಫೈಬರ್ ನೀರಿಗಿಂತ ಭಾರ, ತುಂಬಿದರೆ ತಳಕ್ಕೆ ಹೋಗುತ್ತದೆ. 500 ಕೆಜಿ ಫೈಬರ್ ದೋಣಿ ಪೂರ್ತಿ ನೀರಿನೊಳಗೆ ಹೋದಾಗ ಅದರ ಭಾರ ಸುಮಾರು 170 ಕೆಜಿ ಅಂತ ಇಟ್ಟುಕೊಳ್ಳಿ, ಮೇಲೆ ಎಂಜಿನ್ 40. ಅಂದರೆ 350ರಿಂದ 400 ಲೀಟರ್ ಫೋಮ್ ಹಾಕಿದರೆ ಅದು ಮುಳುಗುವುದಿಲ್ಲ, ಮೂರು ಜನ ಹಿಡಿದುಕೊಳ್ಳಬಹುದು. ಹೊಸದು ಮಾಡಿಸುವಾಗ ಇದನ್ನು ಹೇಳಿ ಹಾಕಿಸಿ, ಆಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಎಲ್ಲಿ ಹಾಕುತ್ತೀರಿ ಅನ್ನುವುದೂ ಮುಖ್ಯ. ಫೋಮ್ ಎಲ್ಲ ನೆಲದ ಕೆಳಗೇ ಇದ್ದರೆ ನೀರು ತುಂಬಿದ ದೋಣಿ ತಲೆಕೆಳಗಾಗಿ ತೇಲುತ್ತದೆ. ಎರಡೂ ಬದಿಯ ಅಂಚಿನ ಕೆಳಗೆ ಉದ್ದಕ್ಕೆ, ಮತ್ತೆ ಮೂತಿಯಲ್ಲಿ ಹಾಕಿಸಿ, ಆಗ ನೆಟ್ಟಗೆ ನಿಲ್ಲುತ್ತದೆ.

ಕೆಲವರು ಖರ್ಚು ಉಳಿಸಲಿಕ್ಕೆ ಥರ್ಮೋಕೋಲ್ ತುಂಬುತ್ತಾರೆ. ಪೆಟ್ರೋಲ್ ತಾಗಿದರೆ ಅದು ಕರಗುತ್ತದೆ. ಅದರ ಮೇಲೆ ನೇರವಾಗಿ ರೆಸಿನ್ ಹಚ್ಚಿದರೂ ಕರಗುತ್ತದೆ. ಮೇಲಿನಿಂದ ಚೆನ್ನಾಗಿ ಕಾಣುತ್ತದೆ, ಒಳಗೆ ಟೊಳ್ಳು. ಪಿಯು (ಪಾಲಿಯುರಿಥೇನ್) ಫೋಮ್ ಕೇಳಿ. ಹಳೆಯ ದೋಣಿಯೇ ಬೇಕು ಅಂತಾದರೆ 20 ಲೀಟರಿನ ಖಾಲಿ ಕ್ಯಾನುಗಳನ್ನು ಬಿರಡೆ ಗಟ್ಟಿ ಮಾಡಿ ಸೀಟಿನ ಕೆಳಗೆ, ಅಂಚಿನ ಕೆಳಗೆ ಬಿಗಿಯಾಗಿ ಕಟ್ಟಿ. ಚಂದ ಇರುವುದಿಲ್ಲ. ಇರುವುದೂ ಬೇಡ.

ತ್ರಾಸಿ_ಕಡಲತಡಿ

ಈ ಫೋಮ್ ವಿಷಯ ನಮ್ಮಲ್ಲಿ ಯಾರೂ ಹೇಳಿದ್ದೇ ಇಲ್ಲ. ಹಾಗಾದರೆ ಪ್ಲೈವುಡ್ ದೋಣಿಯೇ ಒಳ್ಳೆಯದಾ? ಅದು ಹೇಗೂ ತೇಲುತ್ತದಲ್ಲ.

ಹಳೆದೋಣಿ

ತೇಲುತ್ತದೆ, ಹಗುರವೂ ಇದೆ, ಹೊಸದಿರುವಾಗ ಫೈಬರಿಗಿಂತ ಗಟ್ಟಿ ಅನ್ನಿಸುತ್ತದೆ. ತೆಂಕಣ ಕೇರಳದಲ್ಲಿ ಅಲೆ ಒಡೆಯುವ ದಡದಿಂದಲೇ ಇಳಿಸಲಿಕ್ಕೆ ಅಂತ ಬಂದದ್ದು ಅದು. ಅಲ್ಲಿನ ಸಿಫ್ಸ್ ಮೀನುಗಾರರ ಒಕ್ಕೂಟದವರು ತುಂಬಾ ಕಟ್ಟಿದ್ದಾರೆ. ದಡದಿಂದ ಇಳಿಸುವವರಿಗೆ ನಾನೂ ಹೇಳುತ್ತಿದ್ದೆ. ಆದರೆ ಇಲ್ಲಿ ಅದರ ಕೆಲಸ ಬಲ್ಲವರು ಯಾರಿದ್ದಾರೆ? ಒಂದು ಕಲ್ಲು ತಾಗಿ ಮೇಲಿನ ಹೊದಿಕೆ ಹರಿದು ನೀರು ಒಳಗೆ ಹೋದರೆ ಪ್ಲೈ ಪದರ ಬಿಡುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಫೈಬರ್ ಆದರೆ ಮ್ಯಾಟ್, ರೆಸಿನ್ ತಂದು ಊರಿನ ಹುಡುಗರೇ ಹಾಕುತ್ತಾರೆ. ನಾಳೆ ಬೆಳಿಗ್ಗೆ ಯಾರು ಸರಿ ಮಾಡಿಕೊಡುತ್ತಾರೆ ಅಂತ ನೋಡಿ ದೋಣಿ ತೆಗೆದುಕೊಳ್ಳಬೇಕು.

ಮರದ ದೋಣಿಯೂ ಹಾಗೇ ಮಾಯ ಆದದ್ದು. ಹೆಬ್ಬಲಸಿನ ಮರ ಸಿಗುವುದಿಲ್ಲ, ಸಿಕ್ಕರೂ ಆ ರೇಟಿಗೆ ಎರಡು ಫೈಬರ್ ಬರುತ್ತದೆ, ಮೀನೆಣ್ಣೆ ಹಚ್ಚುವ ತಾಳ್ಮೆ ಈಗ ಯಾರಿಗಿದೆ. ಉತ್ತರ ಕನ್ನಡದ ಪಾತಿ ದೋಣಿ ನೋಡಿದ್ದೀಯಾ, ಪಕ್ಕಕ್ಕೆ ಒಂದು ಮರದ ತೇಲು ಕಟ್ಟಿರುತ್ತಾರೆ. ಅಷ್ಟು ಸಪೂರದ ದೋಣಿ ಅಷ್ಟು ಗಟ್ಟಿ ನಿಲ್ಲುವುದು ಅದರಿಂದ. ಆದರೆ ಎಂಜಿನ್ ಹಾಕಿ ಅಳಿವೆ ದಾಟಲಿಕ್ಕೆ ಅದಲ್ಲ.

ನನ್ನ ಮಾತು ಕೇಳುವುದಾದರೆ 22ಕ್ಕೆ ಎರಡು ಅಡಿ ಸೇರಿಸು, 24 ಮಾಡಿಸು. ಮೂರು ಜನಕ್ಕೆ, 9.9ಕ್ಕೆ ಅದು ಸರಿ ಕೂರುತ್ತದೆ. ಹೆಚ್ಚಿನ ಉದ್ದದಿಂದ ಅಲೆಯಲ್ಲಿ ನೆಟ್ಟಗೆ ಹೋಗುತ್ತದೆ, ದಡಕ್ಕೆ ಎಳೆಯಲಿಕ್ಕೆ ಇನ್ನಿಬ್ಬರು ಸಿಕ್ಕರೆ ಆಯಿತು. ಬಲೆ ಮಾತ್ರ 24 ಅಡಿಗೆ ಎಷ್ಟು ಬೇಕೋ ಅಷ್ಟೇ ಹಾಕು. ಜಾಗ ಇದೆ ಅಂತ ತುಂಬಿದರೆ ಮತ್ತೆ ಅಂಚು ನೀರಿಗೆ ಬರುತ್ತದೆ.

ಶರಾವತಿ_ಬಾಯಿ

24 ನನಗೂ ಸರಿ ಅನ್ನಿಸುತ್ತದೆ. ಆದರೆ ದೋಣಿಗೇ ಎಲ್ಲ ದುಡ್ಡು ಹಾಕಬೇಡಿ. ಲೈಫ್ ಜಾಕೆಟ್ ಮೂರು, ಮೈಮೇಲೆ ಹಾಕಿಕೊಳ್ಳಲಿಕ್ಕೆ, ಸೀಟಿನ ಕೆಳಗೆ ಇಡಲಿಕ್ಕೆ ಅಲ್ಲ. ಎರಡು ದೊಡ್ಡ ಬಕೆಟ್, ಹಗ್ಗ ಕಟ್ಟಿ, ಪಂಪಿಗಿಂತ ಬೇಗ ನೀರು ಎತ್ತುವುದು ಹೆದರಿದ ಮನುಷ್ಯನ ಕೈಯ ಬಕೆಟ್. ಒಂದು ಲಂಗರು ಮತ್ತು ಸಾಕಷ್ಟು ಹಗ್ಗ, ಎಂಜಿನ್ ನಿಂತಾಗ ಅಲೆ ಒಡೆಯುವ ಕಡೆಗೆ ತೇಲಿಕೊಂಡು ಹೋಗದ ಹಾಗೆ. ಎರಡು ಹುಟ್ಟು. ಕೋಸ್ಟ್ ಗಾರ್ಡ್ ನಂಬರ್ 1554, ಕರಾವಳಿ ಪೊಲೀಸ್ 1093, ಮೂವರ ಫೋನಿನಲ್ಲೂ ಇರಲಿ, ಫೋನು ನೀರು ಹೋಗದ ಕವರಿನಲ್ಲಿ ಇರಲಿ. ಮೀನುಗಾರಿಕೆ ಇಲಾಖೆಯಲ್ಲಿ, ದೋಣಿ ಎಲ್ಲಿದೆ ಅಂತ ತಿಳಿಸುವ ಟ್ರಾನ್ಸ್‌ಪಾಂಡರ್ ಬಗ್ಗೆ ಕೇಳಿ.

ಹೋಗುವ ಮೊದಲು ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯ್ಸ್‌ನವರ ಅಲೆ ಮುನ್ಸೂಚನೆ ನೋಡಿ, ಎತ್ತರದ ಜೊತೆ ಅಲೆ ಎಷ್ಟು ಸೆಕೆಂಡಿಗೆ ಒಂದು ಅನ್ನುವುದನ್ನೂ ನೋಡಿ. ದೂರದಿಂದ ಬರುವ ಉದ್ದ ಅಲೆ ಹೊರಗೆ ಕಾಣುವುದೇ ಇಲ್ಲ, ಅಳಿವೆಯಲ್ಲಿ ಎದ್ದು ನಿಲ್ಲುತ್ತದೆ. ಗಾಳಿಯೇ ಇಲ್ಲದ ದಿನ ಬಾಯಿ ಕೆಟ್ಟಿರುವುದು ಇದರಿಂದಲೇ.

ಔಟ್‌ಬೋರ್ಡ್_ಮೆಕ್ಯಾನಿಕ್

ಸಬ್ಸಿಡಿ ಕೇಳಿ ನೋಡಿದಿರಾ? ಕೇಂದ್ರ ಸರಕಾರದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ 60 ಪರ್ಸೆಂಟ್ ಇದೆ. ಆದರೆ ದೋಣಿ ಮಾಡಿಸಿ ಆದ ಮೇಲೆ ಅರ್ಜಿ ಹಾಕಿದರೆ ಪ್ರಯೋಜನ ಇಲ್ಲ, ಮೊದಲೇ ಕೇಳಿ.

ತ್ರಾಸಿ_ಕಡಲತಡಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಭಾವನಿಗೆ ಮೆಕ್ಯಾನಿಕ್ ಅಣ್ಣನ ಲೆಕ್ಕ ಓದಿ ಹೇಳಿದೆ, ಸ್ವಲ್ಪ ಇಳಿದಿದ್ದಾನೆ, 24ಕ್ಕೆ ಅರೆ ಮನಸ್ಸಿನಿಂದ ಹೂಂ ಅಂದಿದ್ದಾನೆ. ಆದರೂ ಒಮ್ಮೆ ಆ 28 ಅಡಿಯದ್ದನ್ನು ನೋಡಿ ಬರೋಣ ಅನ್ನುತ್ತಾನೆ. ನೋಡಲಿಕ್ಕೆ ಹೋದರೆ ಏನು ನೋಡಬೇಕು?

ಫೈಬರ್_ಕೆಲಸ

ಒಂದು ನಾಣ್ಯ ಹಿಡಿದುಕೊಂಡು ಹೋಗಿ, ಅಡಿಯನ್ನು ಉದ್ದಕ್ಕೂ ತಟ್ಟಿ. ಟಣ್ ಅಂದರೆ ಸರಿ, ಡಬ್ ಅಂದರೆ ಪದರ ಬಿಟ್ಟಿದೆ, ಒಳಗೆ ನೀರು ಇರಬಹುದು. ಹಿಂದಿನ ಹಲಗೆಯ ಒಳಗೆ ಪ್ಲೈ ಇರುತ್ತದೆ, ಎಂಜಿನ್ ಬೋಲ್ಟ್ ಹಾಕುವ ತೂತಿನಿಂದ ನೀರು ಹೋಗಿ ಅದು ಕೊಳೆತಿರುತ್ತದೆ. ಎಂಜಿನ್ ಕೂರಿಸಿರುವಾಗಲೇ ಅದರ ತಲೆ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿ. ಹಲಗೆಯೂ ಜೊತೆಗೆ ಅಲ್ಲಾಡಿದರೆ ರೇಟು ಕೇಳುವುದೇ ಬೇಡ. ಅಡ್ಡಪಟ್ಟಿ ಅಡಿಗೆ ಸೇರುವ ಮೂಲೆಗಳಲ್ಲಿ ಕೂದಲಿನಷ್ಟು ಬಿರುಕು ಇದೆಯಾ ಅಂತ ಟಾರ್ಚ್ ಹಾಕಿ ನೋಡಿ. ಹೊಸ ಪೈಂಟ್ ಬಳಿದಿದ್ದರೆ ಯಾಕೆ ಬಳಿದರು ಅಂತ ಕೇಳಿ. ರಿಜಿಸ್ಟ್ರೇಷನ್ ಕಾಗದ ಯಾರ ಹೆಸರಿನಲ್ಲಿದೆ ನೋಡಿ. ಭಾವನನ್ನು ಕರೆದುಕೊಂಡೇ ಹೋಗಿ, ತಟ್ಟುವ ಕೆಲಸ ಅವರಿಗೇ ಕೊಡಿ.